‘ಮರೆತುಬಿಡು’ ಅನ್ನುವವರಿಗೆ

ಸೆಂಟ್ರಲ್ ಲೈನಿನ ಲೋಕಲ್‌ನಲ್ಲಿ ಓಡಾಡುವ ಮುಂಬೈ ಕನ್ನಡಿಗರಿಗೆಲ್ಲ ಆ ಚೀಟಿಗಳು ಗೊತ್ತು. ಬಾಬಾ ಬಂಗಾಲಿ, ವಶೀಕರಣ, ಕೈಕೊಟ್ಟವರು ಕಾಲಿಗೆ ಬೀಳುತ್ತಾರೆ, ಕೆಳಗೊಂದು ಮೊಬೈಲ್ ನಂಬರ್. ನಮ್ಮವರೂ ಏನು ಕಡಿಮೆಯಿಲ್ಲ. ಪ್ರೀತಿ ಮುರಿದು ಮಗ ಊಟ ಬಿಟ್ಟಿದ್ದಾನೆ ಅಂತ ತಿಳಿದರೆ ಸಾಕು, ಊರಿಂದ ಫೋನ್ ಬರುತ್ತದೆ: “ಯಾರೋ ಮಾಟ ಮಾಡಿಸಿದ್ದಾರೆ, ಜೋಯಿಸರ ಹತ್ತಿರ ಒಂದು ಪ್ರಶ್ನೆ ಇಡಿಸುವ.” ಇಂಥ ವ್ಯಾಪಾರದ ವಿರುದ್ಧ ಜೀವಮಾನವಿಡೀ ಹೋರಾಡಿದ ನರೇಂದ್ರ ದಾಭೋಲ್ಕರ್ 2013ರ ಆಗಸ್ಟ್ 20ರಂದು ಪುಣೆಯಲ್ಲಿ ಗುಂಡಿಗೆ ಬಲಿಯಾದರು. ಆಮೇಲಷ್ಟೇ ಮಹಾರಾಷ್ಟ್ರಕ್ಕೆ ಮಾಟಮಂತ್ರ ವಿರೋಧಿ ಕಾನೂನು ಬಂತು. ಚೀಟಿಗಳು ಮಾತ್ರ ಇನ್ನೂ ಅಂಟಿಕೊಂಡೇ ಇವೆ.

ಬಾಬಾನನ್ನು ನಂಬದ ಓದಿದ ಗೆಳೆಯರ ಬುದ್ಧಿಮಾತೂ ನನಗೆ ಅಷ್ಟೇ ಕಿರಿಕಿರಿ. “ಬರೀ ಮೂರು ತಿಂಗಳ ಪ್ರೀತಿ, ಅದಕ್ಕೆ ಇಷ್ಟು ಅಳೋದಾ? ಮರೆತುಬಿಡು ಮಾರಾಯ.” ನೋವು ತಿಂಗಳ ಲೆಕ್ಕದಲ್ಲಿ ಬರುತ್ತದೆ, ಮರೆಯುವುದು ನಮ್ಮ ಕೈಯಲ್ಲಿದೆ ಅಂತ ಇವರಿಗೆ ಯಾರು ಹೇಳಿದರೋ!

ಮೊದಲು ತಿಂಗಳ ಲೆಕ್ಕ. ಮಿದುಳು ವಿಜ್ಞಾನಿ ವುಲ್ಫ್ರಮ್ ಶುಲ್ಟ್ಸ್ ಕೋತಿಗಳ ಮಿದುಳಿನಲ್ಲಿ ಡೋಪಮೈನ್ ಎಂಬ ರಾಸಾಯನಿಕವನ್ನು ಸುರಿಸುವ ನರಕೋಶಗಳನ್ನು ಗಮನಿಸುತ್ತಿದ್ದರು. ನಿರೀಕ್ಷೆಯೇ ಇಲ್ಲದೆ ಹಣ್ಣಿನ ರಸ ಸಿಕ್ಕಾಗ ಆ ಕೋಶಗಳು ಜೋರಾಗಿ ಮಿಡಿದವು. ರಸದ ಮುನ್ಸೂಚನೆಯಾಗಿ ದೀಪವೊಂದು ಹತ್ತುವುದು ರೂಢಿಯಾದ ಮೇಲೆ ರಸಕ್ಕೆ ಸುಮ್ಮನಿದ್ದು ದೀಪಕ್ಕೇ ಮಿಡಿದವು. ದೀಪ ಹತ್ತಿಯೂ ರಸ ಬಾರದಿದ್ದಾಗ, ಅದು ಬರಬೇಕಿದ್ದ ಕ್ಷಣಕ್ಕೆ ಸರಿಯಾಗಿ ಮಿಡಿತ ಮಾಮೂಲಿಗಿಂತಲೂ ಕೆಳಗಿಳಿಯಿತು. ಹೊಸ ಪ್ರೀತಿಯಲ್ಲಿ ಎಲ್ಲವೂ ಅನಿರೀಕ್ಷಿತ. ಅದು ಹಳತಾಗಿ, ಬೇಸರ ಹುಟ್ಟುವ ಮೊದಲೇ ನಿಂತುಹೋದರೆ ವಾಟ್ಸಾಪಿನ ಟಿಂಗ್ ಎಂಬ ದೀಪ ಹತ್ತುತ್ತಲೇ ಇರುತ್ತದೆ, ರಸ ಬರುವುದಿಲ್ಲ. ಕೋತಿಯಿಂದ ಮನುಷ್ಯನಿಗೆ ನೆಗೆದದ್ದು ನಾನು, ಶುಲ್ಟ್ಸ್ ಅಲ್ಲ. ಆದರೂ ಚುಟುಕು ಪ್ರೇಮ ಇಷ್ಟೇಕೆ ಕಾಡುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸುಳಿವು ನನಗೆ ಸಿಕ್ಕಿಲ್ಲ.

ಇನ್ನು ನನಗೆ ತೀರಾ ಇಷ್ಟವಾದ ಸಂಗತಿ. ನೆನಪೆಂದರೆ ಕಪಾಟಿನಲ್ಲಿಟ್ಟ ಫೋಟೊ ಅಂತ ಹೆಚ್ಚಿನವರ ಕಲ್ಪನೆ. 2000ದಲ್ಲಿ ನ್ಯೂಯಾರ್ಕಿನಲ್ಲಿ ಕರೀಮ್ ನಾದರ್ ಮತ್ತು ಸಂಗಡಿಗರು ಇಲಿಗಳಿಗೆ ಒಂದು ಸದ್ದು ಕೇಳಿಸಿ ಶಾಕ್ ಕೊಟ್ಟು, ಸದ್ದಿಗೇ ಹೆದರುವುದನ್ನು ಕಲಿಸಿದರು. ಆಮೇಲೊಂದು ದಿನ ಮತ್ತೆ ಆ ಸದ್ದು ಕೇಳಿಸಿ, ಭಯ ನೆನಪಾದ ಕೂಡಲೇ, ಪ್ರೋಟೀನ್ ತಯಾರಿಕೆಯನ್ನು ತಡೆಯುವ ಔಷಧಿಯನ್ನು ಭಯದ ಪಾಠ ಕಲಿಯುವ ಅಮಿಗ್ಡಲಾ ಎಂಬ ಮಿದುಳಿನ ಭಾಗಕ್ಕೆ ಚುಚ್ಚಿದರು. ಭಯ ಮಾಯವಾಯಿತು! ಸದ್ದು ಕೇಳಿಸದೆ ಬರೀ ಔಷಧಿ ಕೊಟ್ಟ ಇಲಿಗಳಲ್ಲಿ ಭಯ ಹಾಗೇ ಉಳಿಯಿತು. ಅಂದರೆ, ನೆನಪಿಸಿಕೊಂಡಾಗ ಹಳೆಯ ನೆನಪು ಸಡಿಲವಾಗುತ್ತದೆ. ಹೊಸ ಪ್ರೋಟೀನ್ ಬಳಸಿ ಮಿದುಳು ಅದನ್ನು ಮತ್ತೆ ಗಟ್ಟಿಮಾಡಿ ಇಡಬೇಕು. ಇಂಥದ್ದೊಂದು ಸುಳಿವು 1968ರಲ್ಲೇ ಸಿಕ್ಕಿತ್ತು, ಹೆಚ್ಚು ಜನ ಕಿವಿಗೊಟ್ಟಿರಲಿಲ್ಲ.

ನಿನ್ನೆಯ ಸಾರನ್ನು ದಿನಾ ಕುದಿಸಿ ಇಡುವ ಮನೆಗಳಲ್ಲಿ ಇದು ಬೇಗ ಅರ್ಥವಾದೀತು. ಪ್ರತಿ ಕುದಿಗೂ ಒಂದಿಷ್ಟು ನೀರು ಆರುತ್ತದೆ, ರುಚಿ ದಪ್ಪಗಾಗುತ್ತದೆ, ಯಾರೋ ಚೂರು ಬೆಲ್ಲ ಹಾಕಿರುತ್ತಾರೆ. ಮಾಟುಂಗಾದ ಫೈವ್ ಗಾರ್ಡನ್ಸ್‌ನಲ್ಲಿ ಇಬ್ಬರೂ ಜೊತೆಯಾಗಿ ಕಳೆದ ನಾಲ್ಕಾರು ಸಂಜೆ, ಒಂದೇ ಪ್ಲೇಟಿನ ಇಡ್ಲಿ, ಬ್ಯಾಂಡ್‌ಸ್ಟ್ಯಾಂಡಿನ ಒಂದು ಮಳೆ: ಇದ್ದ ಸರಕು ಅಷ್ಟೇ. ರಾತ್ರಿ ರಾತ್ರಿ ಅದನ್ನೇ ಕುದಿಸಿದರೆ ಅವನು ತಡವಾಗಿ ಬಂದದ್ದು, ಅವಳು ಫೋನಿನಿಂದ ತಲೆ ಎತ್ತದೇ ಇದ್ದದ್ದು ಎಲ್ಲ ಆವಿಯಾಗಿ ಬರೀ ಬೆಲ್ಲ ಉಳಿದರೆ ಅಚ್ಚರಿಯಿಲ್ಲ. ಹತ್ತು ವರ್ಷ ಸಂಸಾರ ಮಾಡಿದವರಿಗೆ ಜಗಳದ ನೆನಪಾದರೂ ದಂಡಿಯಾಗಿರುತ್ತದೆ.

ಹಾಗಂತ ಅದುಮಿಟ್ಟರೂ ಆಗದು. ‘ಬಿಳಿ ಕರಡಿಯನ್ನು ನೆನೆಯಬೇಡಿ’ ಅಂತ ಮನಶ್ಶಾಸ್ತ್ರಜ್ಞ ಡೇನಿಯಲ್ ವೆಗ್ನರ್ ವಿದ್ಯಾರ್ಥಿಗಳಿಗೆ ಹೇಳಿದ ಪ್ರಯೋಗ 1987ರದು. ಕರಡಿ ಬರುತ್ತಲೇ ಇತ್ತು. ಆಮೇಲೆ ‘ಈಗ ನೆನೆಯಬಹುದು’ ಅಂದಾಗ, ಮೊದಲೇ ನೆನೆಯಲು ಬಿಟ್ಟವರಿಗಿಂತ ಇವರಿಗೆ ಹೆಚ್ಚು ಬಂತು.

ಮುಂಬೈಯಲ್ಲಿ ನೆನಪು ತರುವ ಜಾಗ ತಪ್ಪಿಸುವುದೂ ಕಷ್ಟ. ಡೊಂಬಿವಲಿಯಿಂದ ದಾದರಿಗೆ ಸ್ಲೋ ಹಿಡಿದರೆ ಮಾಟುಂಗಾ ಬಂದೇ ಬರುತ್ತದೆ. ಇದು ಒಳ್ಳೆಯದೇ ಅನ್ನುತ್ತೇನೆ. ಗಂಟೆ ಬಾರಿಸಿ ಊಟ ಕೊಟ್ಟು ಕೊಟ್ಟು, ರಷ್ಯಾದ ವಿಜ್ಞಾನಿ ಪಾವ್ಲೋವ್ ನಾಯಿಗೆ ಗಂಟೆಗೇ ಜೊಲ್ಲು ಸುರಿಸುವುದನ್ನು ಕಲಿಸಿದ್ದ. ಆಮೇಲೆ ಗಂಟೆ ಬಾರಿಸಿಯೂ ಊಟ ಕೊಡದೇ ಇದ್ದರೆ ಆ ಜೊಲ್ಲು ನಿಧಾನಕ್ಕೆ ನಿಲ್ಲುತ್ತಿತ್ತು. ಅದೇ ಗಾರ್ಡನ್ನಿಗೆ ಅಕ್ಕನ ಮಕ್ಕಳನ್ನು ಕರೆದುಕೊಂಡು ಹೋಗಿ, ಅದೇ ಹೋಟೆಲಿನಲ್ಲಿ ಆಫೀಸಿನವರ ಜೊತೆ ಕಾಫಿ ಕುಡಿಯಿರಿ, ಒಮ್ಮೆಯಲ್ಲ, ಹಲವು ಸಲ. ಹಳೆಯ ಪಾಠ ಅಳಿಯುವುದಿಲ್ಲ, ಅದರ ಮೇಲೆ ಹೊಸದೊಂದು ಕೂರುತ್ತದೆ. ಸ್ವಲ್ಪ ಬಿಡುವು ಕೊಟ್ಟರೆ ನಾಯಿಗೆ ಜೊಲ್ಲು ಮತ್ತೆ ಬರುತ್ತಿತ್ತು ಅನ್ನುವುದನ್ನೂ ಪಾವ್ಲೋವ್ ಗಮನಿಸಿದ್ದ. ಆರು ತಿಂಗಳು ಆರಾಮಾಗಿದ್ದು ಮೊದಲ ಮಳೆಗೆ ಎದೆ ಧಸಕ್ಕೆಂದರೆ ಗಾಬರಿಯಾಗಬೇಡಿ, ಪ್ರಶ್ನೆಯನ್ನಂತೂ ಇಡಿಸಬೇಡಿ. ಆದರೆ ವಾರಗಟ್ಟಲೆ ನಿದ್ದೆ, ಊಟ, ಕೆಲಸ ಕೆಟ್ಟಿದ್ದರೆ, ಬದುಕೇ ಬೇಡ ಅನ್ನಿಸಿದರೆ ಕಾಯದೆ ಡಾಕ್ಟರ ಹತ್ತಿರ ಹೋಗಿ, ಇಲ್ಲವೇ ಸರ್ಕಾರದ ಟೆಲಿ ಮಾನಸ್‌ಗೆ ಫೋನ್ ಮಾಡಿ: 14416. ದುಡ್ಡು ಕೇಳುವುದಿಲ್ಲ.