ಡಿಮ್ಮರ್ ಕೆಟ್ಟಿದೆ ಅನ್ನುವ ಮುಂಚೆ

ಕಾರಿನ ಮೀಟರ್ ಬೋರ್ಡಿನ ಬೆಳಕನ್ನು ಹೆಚ್ಚು ಕಡಿಮೆ ಮಾಡಲು ಒಂದು ಸಣ್ಣ ಚಕ್ರ ಇರುತ್ತದೆ, ಅದೇ ಡಿಮ್ಮರ್. ಕೆಲವು ಕಾರುಗಳಲ್ಲಿ ಅದು ಸ್ಟೀರಿಂಗಿನ ಪಕ್ಕ ಕೆಳಗಡೆ, ಹೆಡ್‌ಲೈಟಿನ ಎತ್ತರ ಬದಲಿಸುವ ಚಕ್ರದ ಜೊತೆಗೇ ಇರುತ್ತದೆ. ಇನ್ನು ಕೆಲವದರಲ್ಲಿ ಮೀಟರಿನ ಗಾಜಿನಿಂದ ಹೊರಗೆ ಚಾಚಿದ ಒಂದು ಗುಂಡಿ. ಬಹಳ ಜನ ಅದನ್ನು ವರ್ಷಗಟ್ಟಲೆ ಮುಟ್ಟಿರುವುದೇ ಇಲ್ಲ. ಬೋರ್ಡು ಕತ್ತಲಾದ ದಿನ ಮಾತ್ರ ಅದರ ನೆನಪು ಬರುತ್ತದೆ. ಆಗ ಮೊದಲು ಕೇಳುವ ಮಾತು ಒಂದೇ: "ಡಿಮ್ಮರ್ ಹೋಗಿದೆ, ಬದಲಿಸಿಬಿಡಿ."

ದಾವಣಗೆರೆಯಲ್ಲಿ ಡಿಪ್ಲೊಮಾ ಹುಡುಗರಿಗೆ ಎಲೆಕ್ಟ್ರಿಕಲ್ ಪಾಠ ಹೇಳುವಾಗ ನಾನು ಈ ಸರ್ಕ್ಯೂಟನ್ನೇ ಉದಾಹರಣೆಗೆ ಹಿಡಿಯುತ್ತೇನೆ. ಒಂದು ಫ್ಯೂಸು, ಒಂದು ಸ್ವಿಚ್ಚು, ಒಂದು ಡಿಮ್ಮರು, ಕೆಲವು ಬಲ್ಬು, ಒಂದು ಅರ್ಥ್, ಅಂದರೆ ಕರೆಂಟು ಕಾರಿನ ಲೋಹದ ಬಾಡಿಯ ಮೂಲಕ ಬ್ಯಾಟರಿಯ ಮೈನಸ್ಸಿಗೆ ಮರಳುವ ದಾರಿ. ಅಷ್ಟೇ. ಆದರೆ ವಿದ್ಯುತ್ತಿನ ಬಗ್ಗೆ ನಾವು ಪುಸ್ತಕದಲ್ಲಿ ಓದುವ ಮುಖ್ಯ ಸಂಗತಿಗಳೆಲ್ಲ ಇದರೊಳಗೆ ಸಿಗುತ್ತವೆ. ಸರಿಯಾಗಿ ಹುಡುಕಲು ಕಲಿತರೆ ಬೇಡದ ಸಾಮಾನಿಗೆ ದುಡ್ಡು ಸುರಿಯುವುದೂ ತಪ್ಪುತ್ತದೆ.

ಈ ಬೆಳಕು ಯಾಕೆ ಕಡಿಮೆ ಆಗಬೇಕು ಅನ್ನುವುದನ್ನು ಮೊದಲು ನೋಡೋಣ. ಚಿತ್ರದುರ್ಗದಿಂದ ಜಗಳೂರಿನ ಕಡೆ ರಾತ್ರಿ ಹೊರಟರೆ, ಊರು ದಾಟಿದ ಮೇಲೆ ಬೀದಿ ದೀಪಗಳು ಮುಗಿಯುತ್ತವೆ. ಕಣ್ಣಿನ ಪಾಪೆ ಹಿಗ್ಗುತ್ತದೆ. ರೆಟಿನಾದಲ್ಲಿರುವ ರಾಡ್ ಎಂಬ ಕೋಶಗಳು ಮಂದ ಬೆಳಕಿನಲ್ಲಿ ಕೆಲಸ ಮಾಡುತ್ತವೆ. ಅವುಗಳೊಳಗಿನ ರೊಡಾಪ್ಸಿನ್ ಎಂಬ ವಸ್ತು ಬೆಳಕು ಬಿದ್ದಾಗ ಒಡೆಯುತ್ತದೆ, ಕತ್ತಲಲ್ಲಿ ಮತ್ತೆ ನಿಧಾನವಾಗಿ ಕೂಡಿಕೊಳ್ಳುತ್ತದೆ. ಪೂರ್ತಿ ಕೂಡಿಕೊಳ್ಳಲು 20ರಿಂದ 30 ನಿಮಿಷ ಬೇಕು. ಒಡೆಯಲು ಕೆಲವೇ ಕ್ಷಣ ಸಾಕು. ನಮ್ಮ ಹೆಡ್‌ಲೈಟೇ ಮುಂದೆ ಉರಿಯುತ್ತಿರುವಾಗ ಕಣ್ಣು ಕತ್ತಲಿಗೆ ಪೂರ್ತಿ ಹೊಂದಿಕೊಳ್ಳುವುದಿಲ್ಲ, ನಿಜ. ಆದರೂ ಹೆಡ್‌ಲೈಟಿನ ಅಂಚಿನಾಚೆ ನಿಂತ ಎಮ್ಮೆ, ಹಿಂದೆ ದೀಪವಿಲ್ಲದ ಟ್ರ್ಯಾಕ್ಟರ್ ಟ್ರೇಲರ್ ಕಾಣುವುದು ಈ ಅರೆಹೊಂದಿಕೆಯಿಂದಲೇ. ಮೂಗಿನ ಕೆಳಗೇ ಮೀಟರ್ ಬೋರ್ಡು ಝಗಮಗ ಉರಿಯುತ್ತಿದ್ದರೆ ಅದೂ ಹೋಗುತ್ತದೆ. ಜೊತೆಗೆ ಮುಂದಿನ ಗಾಜಿನಲ್ಲಿ ಅದರ ಪ್ರತಿಬಿಂಬ ಬೇರೆ. ಬೋರ್ಡು ಪೂರ್ತಿ ಕತ್ತಲಾದರೂ ಅಪಾಯವೇ. ಸ್ಪೀಡು, ಪೆಟ್ರೋಲು ನೋಡಲು ಕಣ್ಣು ತಡಕಾಡುತ್ತದೆ, ಅಷ್ಟು ಹೊತ್ತು ರಸ್ತೆಯ ಮೇಲೆ ಗಮನ ಇರುವುದಿಲ್ಲ. ಹಾಗಾಗಿ ಇದನ್ನು ಅಲಂಕಾರದ ದೀಪ ಅಂತ ಬಿಟ್ಟುಬಿಡಬಾರದು.

ಇನ್ನು ಸರ್ಕ್ಯೂಟು. ಹೆಚ್ಚಿನ ಹಳೆಯ ಕಾರುಗಳಲ್ಲಿ ಲೈಟ್ ಸ್ವಿಚ್ಚನ್ನು ಮೊದಲ ಹಂತಕ್ಕೆ ತಿರುಗಿಸಿದಾಗ ಪಾರ್ಕಿಂಗ್ ಲೈಟು, ಹಿಂದಿನ ಲೈಟು, ನಂಬರ್ ಪ್ಲೇಟಿನ ಲೈಟು ಹತ್ತುತ್ತವೆ. ಅದೇ ಸಪ್ಲೈನ ಒಂದು ಕವಲು ಡಿಮ್ಮರಿಗೆ ಹೋಗಿ, ಅಲ್ಲಿಂದ ಮೀಟರ್, ಎಸಿ ಗುಂಡಿಗಳು, ಸ್ಟೀರಿಯೊ, ಸ್ವಿಚ್ಚುಗಳ ಸಣ್ಣ ಬಲ್ಬುಗಳಿಗೆ ಹಂಚಿಹೋಗುತ್ತದೆ. ಕೆಲವು ಕಾರುಗಳಲ್ಲಿ ಡಿಮ್ಮರು ಬಲ್ಬಿನ ಮುಂಚೆ, ಅಂದರೆ ಪ್ಲಸ್ ಕಡೆ ಇರುತ್ತದೆ. ಕೆಲವದರಲ್ಲಿ ಬಲ್ಬಿನ ನಂತರ, ಅರ್ಥ್ ಕಡೆ ಇರುತ್ತದೆ. ಈ ವ್ಯತ್ಯಾಸ ನೆನಪಿರಲಿ. ಮುಂದೆ ಒಂದು ಕಡೆ ಇದರಿಂದಲೇ ಎಡವಟ್ಟಾಗುತ್ತದೆ.

ಹಳೆಯ ಡಿಮ್ಮರು ಒಂದು ರಿಯೋಸ್ಟಾಟ್, ಅಂದರೆ ಕರೆಂಟಿನ ದಾರಿಯ ತಡೆಯನ್ನು ಹೆಚ್ಚು ಕಡಿಮೆ ಮಾಡುವ ಸಾಧನ. ಸುರುಳಿ ಸುತ್ತಿದ ತಂತಿ, ಅದರ ಮೇಲೆ ಜಾರುವ ಒಂದು ಲೋಹದ ನಾಲಿಗೆ. ಇಂಗ್ಲೆಂಡಿನ ವಿಜ್ಞಾನಿ ಚಾರ್ಲ್ಸ್ ವೀಟ್‌ಸ್ಟನ್ 1843ರಲ್ಲಿ ವಿವರಿಸಿದ್ದ ಉಪಾಯದ ಮರಿಮಗ ಇದು. ಅದಕ್ಕೆ ಆಧಾರವಾದ, ವೋಲ್ಟೇಜು, ಕರೆಂಟು, ತಡೆಗಳ ಸಂಬಂಧ ಹೇಳುವ ನಿಯಮವನ್ನು ಜರ್ಮನಿಯ ವಿಜ್ಞಾನಿ ಓಮ್ 1827ರಲ್ಲೇ ಪ್ರಕಟಿಸಿದ್ದ. ಒಂದು ಲೆಕ್ಕ ಹಾಕೋಣ. ಬೋರ್ಡಿನಲ್ಲಿ 1.2 ವ್ಯಾಟಿನ 8 ಬಲ್ಬುಗಳಿವೆ ಅಂದುಕೊಳ್ಳಿ. 12 ವೋಲ್ಟಿನಲ್ಲಿ ಒಂದೊಂದು 0.1 ಆಂಪಿಯರ್ ಎಳೆಯುತ್ತದೆ. ಒಟ್ಟು 0.8 ಆಂಪಿಯರ್. ಅವುಗಳ ದಾರಿಯಲ್ಲಿ 10 ಓಮ್ ತಡೆ ಸೇರಿಸಿದರೆ ಬಲ್ಬುಗಳಿಗೆ ಹೆಚ್ಚುಕಡಿಮೆ ಅರ್ಧ ವೋಲ್ಟೇಜು ಮಾತ್ರ ಉಳಿಯುತ್ತದೆ. ಉಳಿದದ್ದು ಡಿಮ್ಮರಿನಲ್ಲೇ ಶಾಖವಾಗುತ್ತದೆ, ಸುಮಾರು 3 ವ್ಯಾಟ್. ರಾತ್ರಿ ತುಂಬ ಹೊತ್ತು ಓಡಿಸಿದ ಮೇಲೆ ಆ ಜಾಗ ಬೆಚ್ಚಗಿರುವುದು ಸಹಜ.

ಅರ್ಧ ವೋಲ್ಟೇಜು ಅಂದರೆ ಅರ್ಧ ಬೆಳಕಲ್ಲ. ತಂತಿಯ ಬಲ್ಬಿನ ಬೆಳಕು ವೋಲ್ಟೇಜಿನ ಸುಮಾರು 3.4ನೇ ಘಾತದಂತೆ ಏರಿಳಿಯುತ್ತದೆ. ವೋಲ್ಟೇಜು ಅರ್ಧಕ್ಕೆ ಇಳಿದರೆ ಬೆಳಕು ಹತ್ತರಲ್ಲಿ ಒಂದು ಪಾಲು ಆಗುತ್ತದೆ. ಡಿಮ್ಮರಿಗೆ ಇದು ಒಳ್ಳೆಯದು, ಸ್ವಲ್ಪ ತಿರುಗಿಸಿದರೂ ಬೆಳಕು ಚೆನ್ನಾಗಿ ಇಳಿಯುತ್ತದೆ. ದೋಷ ಹುಡುಕುವವರಿಗೆ ಇದು ಒಂದು ಸುಳಿವು. ಎಲ್ಲೋ ಒಂದು ಕಪ್ಲರಿನಲ್ಲಿ (ವೈರುಗಳನ್ನು ಕೂಡಿಸುವ, ಬಿಚ್ಚಬಹುದಾದ ಪ್ಲಗ್ಗು) ವೋಲ್ಟೇಜಿನ ಬರೀ ಹತ್ತನೇ ಒಂದು ಭಾಗ ಸೋರಿದರೂ ಬೆಳಕಿನ ಮೂರನೇ ಒಂದು ಭಾಗದಷ್ಟು ಹೋಗುತ್ತದೆ. "ಮೊದಲಿನಷ್ಟು ಬೆಳಕಿಲ್ಲ ಸಾರ್" ಅಂತ ಯಾರಾದರೂ ಹೇಳಿದರೆ ಅದು ಕಣ್ಣಿನ ಭ್ರಮೆ ಅಂತ ತಳ್ಳಿಹಾಕಬೇಡಿ.

ಹುಡುಕುವ ಕೆಲಸ ಕೈಯಿಂದಲ್ಲ, ಕಣ್ಣಿನಿಂದ ಶುರುವಾಗಬೇಕು. ಲೈಟ್ ಹಾಕಿ ಕೆಳಗಿಳಿದು ಕಾರಿನ ಸುತ್ತ ಒಂದು ಸುತ್ತು ಬನ್ನಿ. ಹಿಂದಿನ ಲೈಟುಗಳೂ ಹೋಗಿವೆಯಾ? ಹಾಗಿದ್ದರೆ ತೊಂದರೆ ಎರಡೂ ಹಂಚಿಕೊಂಡ ದಾರಿಯಲ್ಲಿದೆ: ಫ್ಯೂಸು, ಇಲ್ಲವೇ ಲೈಟ್ ಸ್ವಿಚ್ಚು. ಡಿಮ್ಮರಿನ ಗೊಡವೆ ಬೇಡ. ಹಿಂದಿನ ಲೈಟು ಸರಿಯಿದ್ದು ಒಳಗೆ ಮಾತ್ರ ಎಲ್ಲ ಕತ್ತಲೆಯಾ? ಆಗ ಡಿಮ್ಮರಿನ ಮೇಲೆ ಅನುಮಾನ ಸರಿ. ಆದರೆ ಮೊದಲು ಚಕ್ರ ಕೆಳಗಿನ ತುದಿಯಲ್ಲಿದೆಯಾ ನೋಡಿ. ವಾಟರ್ ಸರ್ವಿಸ್ ಮಾಡಿಸಿ ಒಳಗೆ ಒರೆಸಿದಾಗ ಬಟ್ಟೆ ತಾಗಿ ಚಕ್ರ ತಿರುಗಿರುತ್ತದೆ. ಮೀಟರಿನಲ್ಲಿ ಒಂದು ಮೂಲೆ ಮಾತ್ರ ಕತ್ತಲಾಗಿದ್ದರೆ ಅಲ್ಲಿಯ ಬಲ್ಬೋ ಹೋಲ್ಡರೋ ಕೆಟ್ಟಿದೆ. ಬೆಳಕು ನಡುಗುತ್ತಿದ್ದರೆ ಚಕ್ರವನ್ನು ಆ ತುದಿಯಿಂದ ಈ ತುದಿಗೆ ಹಲವು ಸಲ ಆಡಿಸಿ. ವರ್ಷಗಟ್ಟಲೆ ಒಂದೇ ಜಾಗದಲ್ಲಿ ಕೂತ ನಾಲಿಗೆಯ ಕೆಳಗೆ ಕಿಲುಬು, ನಮ್ಮ ಬಯಲುಸೀಮೆಯ ಧೂಳು ಎರಡೂ ಕೂತಿರುತ್ತವೆ. ಉಜ್ಜಿದಾಗ ಸರಿಹೋದರೆ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದರೆ ಸಾಕು.

ಇಷ್ಟರಲ್ಲಿ ಗೊತ್ತಾಗದಿದ್ದರೆ ಅಳತೆಗೆ ಇಳಿಯಬೇಕು. ಇಲ್ಲೇ ಹೆಚ್ಚಿನವರು ದಾರಿ ತಪ್ಪುವುದು. ಮೀಟರ್ ಬಿಚ್ಚುತ್ತಾರೆ, ಕಪ್ಲರ್ ಎಳೆಯುತ್ತಾರೆ, ಬಿಚ್ಚಿದ ಕಪ್ಲರಿಗೆ ಮಲ್ಟಿಮೀಟರ್ ಹಿಡಿಯುತ್ತಾರೆ. 12 ವೋಲ್ಟ್ ತೋರಿಸುತ್ತದೆ. "ಸಪ್ಲೈ ಬರ್ತಿದೆ, ಬೋರ್ಡೇ ಹೋಗಿದೆ" ಅಂತ ತೀರ್ಪು ಕೊಡುತ್ತಾರೆ. ಈ ತೀರ್ಪಿಗೆ ಆಧಾರವೇ ಇಲ್ಲ. ಯಾಕೆ ಅಂದರೆ, ಡಿಜಿಟಲ್ ಮಲ್ಟಿಮೀಟರಿನ ಒಳತಡೆ ಸಾಮಾನ್ಯವಾಗಿ 1 ಕೋಟಿ ಓಮ್. ಅದು ಎಳೆಯುವ ಕರೆಂಟು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ದಾರಿಯಲ್ಲಿ ಕಿಲುಬು ಹಿಡಿದು 1000 ಓಮ್ ತಡೆ ಆಗಿದ್ದರೂ ಅಲ್ಲಿ ಬೀಳುವುದು 0.001 ವೋಲ್ಟಿನಷ್ಟು. ಮಲ್ಟಿಮೀಟರ್ ಕಣ್ಣಿಗೆ ಎಲ್ಲ ಸರಿ. ಅದೇ ಜಾಗಕ್ಕೆ ಒಂದು ಬಲ್ಬು ಜೋಡಿಸಿ ನೋಡಿ. ಬಲ್ಬಿಗೆ ಒಂದು ವೋಲ್ಟೂ ದಕ್ಕುವುದಿಲ್ಲ. ಕಸ ಕಟ್ಟಿದ ನಲ್ಲಿ ಪೈಪಿನಲ್ಲೂ ಹೀಗೇ ಅಲ್ವಾ? ನಲ್ಲಿ ಮುಚ್ಚಿದ್ದಾಗ ಒತ್ತಡ ಪೂರ್ತಿ ಇರುತ್ತದೆ, ತಿರುಗಿಸಿದರೆ ಹನಿ ಹನಿ.

ಆದ್ದರಿಂದ ಅಳತೆ ಯಾವಾಗಲೂ ಕರೆಂಟು ಹರಿಯುವಾಗ ಆಗಬೇಕು. ಕಪ್ಲರ್ ಬಿಚ್ಚಬೇಡಿ. ಅದರ ಹಿಂಬದಿಯಿಂದ ಪಿನ್ ತೂರಿಸಿ, ಲೈಟ್ ಹಾಕಿಕೊಂಡೇ ಅಳೆಯಿರಿ. ಪಿ.ಬಿ. ರಸ್ತೆಯ ಪಕ್ಕ ಕೆಲಸ ಮಾಡುವ ಹಳೆಯ ಎಲೆಕ್ಟ್ರಿಷಿಯನ್ನರು ಇವತ್ತಿಗೂ ಹೋಲ್ಡರಿಗೆ ಎರಡು ವೈರು ಕಟ್ಟಿದ ಟೆಸ್ಟ್ ಲ್ಯಾಂಪನ್ನು ಕೈಬಿಟ್ಟಿಲ್ಲ. ಅದು ಹಳೇ ಕಾಲದ್ದು ಅಂತ ಹೊಸ ಹುಡುಗರು ಭಾವಿಸಬಾರದು. ಆ ಲ್ಯಾಂಪು ತಾನೇ ಕರೆಂಟು ಎಳೆಯುತ್ತದೆ. ದಾರಿ ಸರಿಯಿದ್ದರೆ ಮಾತ್ರ ಉರಿಯುತ್ತದೆ. ಒಂದೇ ಎಚ್ಚರಿಕೆ: ಏರ್‌ಬ್ಯಾಗಿನ ಹಳದಿ ಕಪ್ಲರುಗಳಿಗೆ, ಕಂಪ್ಯೂಟರ್ ಪೆಟ್ಟಿಗೆಯ ಪಿನ್ನುಗಳಿಗೆ ಅದನ್ನು ತಾಗಿಸಲೇಬಾರದು.

ವೋಲ್ಟೇಜ್ ಎಲ್ಲಿ ಬೀಳುತ್ತಿದೆ ಅಂತ ಹಿಡಿಯಲು ಇನ್ನೂ ಚಂದದ ದಾರಿ ಇದೆ. ಮಲ್ಟಿಮೀಟರಿನ ಎರಡೂ ಕಡ್ಡಿಗಳನ್ನು ಒಂದೇ ದಾರಿಯ ಎರಡು ತುದಿಗೆ ಹಿಡಿಯಿರಿ. ಉದಾಹರಣೆಗೆ, ಒಂದು ಕಡ್ಡಿ ಬ್ಯಾಟರಿಯ ಮೈನಸ್ಸಿಗೆ, ಇನ್ನೊಂದು ಬೋರ್ಡಿನ ಅರ್ಥ್ ಪಿನ್ನಿಗೆ. ಲೈಟ್ ಉರಿಯುವಾಗ ಅಲ್ಲಿ 0.1, 0.2 ವೋಲ್ಟ್ ಬಂದರೆ ಪರವಾಗಿಲ್ಲ. 1 ವೋಲ್ಟ್, 2 ವೋಲ್ಟ್ ಬಂದರೆ ಅರ್ಥಿನಲ್ಲೇ ತೊಂದರೆ. ಸ್ವಿಚ್ಚಿನ ಎರಡು ಕಡೆ, ಫ್ಯೂಸಿನ ಎರಡು ಕಡೆ, ಕಪ್ಲರಿನ ಎರಡು ಕಡೆ ಹೀಗೇ ನೋಡುತ್ತಾ ಹೋದರೆ ಬೆಳಕು ಕದಿಯುವ ಜಾಗ ತಾನೇ ಸಿಕ್ಕಿಬೀಳುತ್ತದೆ.

ಭರಮಸಾಗರದಲ್ಲಿರುವ ನಮ್ಮ ಭಾವನ ಕಾರು ಇದಕ್ಕೆ ಒಳ್ಳೆಯ ಉದಾಹರಣೆ. ಇಂಡಿಕೇಟರ್ ಹಾಕಿದಾಗಲೆಲ್ಲ ಮೀಟರ್ ಬೋರ್ಡಿನ ಬೆಳಕೂ ಅದರ ತಾಳಕ್ಕೆ ಸರಿಯಾಗಿ ಏರಿಳಿಯುತ್ತಿತ್ತು. "ಮೀಟರ್ ಸೆಟ್ಟೇ ಬದಲಿಸ್ಬೇಕಂತೆ ಕಣಪ್ಪ, ತುಂಬಾ ದುಡ್ಡು ಹೇಳ್ತಿದಾರೆ" ಅಂದರು. "ತಡೀರಿ ಭಾವ, ಇದು ಮೀಟರ್ ಅಲ್ಲ" ಅಂತ ಫೋನಿನಲ್ಲೇ ಹೇಳಿದೆ. ಸಂಬಂಧವಿಲ್ಲದ ಎರಡು ದೀಪ ಒಟ್ಟಿಗೆ ಕುಣಿಯುತ್ತಿದ್ದರೆ ಅವೆರಡೂ ಹಂಚಿಕೊಂಡ ಅರ್ಥ್ ಸಡಿಲವಾಗಿದೆ ಅಂತ ಅನುಮಾನಿಸಬೇಕು. ಅರ್ಥ್ ಸರಿಯಿದ್ದಾಗ ಎಲ್ಲ ಕರೆಂಟೂ ಸುಲಭವಾಗಿ ಲೋಹದ ಬಾಡಿಗೆ ಇಳಿಯುತ್ತದೆ. ಸಡಿಲವಾದಾಗ ಇಂಡಿಕೇಟರಿನ ಕರೆಂಟು ಆ ಜಾಗದ ವೋಲ್ಟೇಜನ್ನು ಮೇಲಕ್ಕೆತ್ತುತ್ತದೆ. ಬೋರ್ಡಿನ ಬಲ್ಬಿಗೆ ಸಿಗುವುದು ಅಷ್ಟು ಕಡಿಮೆಯಾಗುತ್ತದೆ. ಅಳೆದಾಗ ಅರ್ಥ್ ಕಡೆ 2 ವೋಲ್ಟಿಗೂ ಜಾಸ್ತಿ ಬೀಳುತ್ತಿತ್ತು. ಡ್ಯಾಶ್‌ಬೋರ್ಡಿನ ಹಿಂದೆ ಬಾಡಿಗೆ ಬಿಗಿದ ಬೋಲ್ಟು ಸಡಿಲವಾಗಿತ್ತು, ಅದರ ಕೆಳಗೆ ತುಕ್ಕು. ಉಪ್ಪುಕಾಗದದಲ್ಲಿ ಉಜ್ಜಿ ಬಿಗಿದ ಮೇಲೆ ಕುಣಿತ ನಿಂತಿತು. ಸಾಮಾನಿಗೆ ಒಂದು ರೂಪಾಯಿ ಖರ್ಚಾಗಲಿಲ್ಲ.

ಹೊರಗಿನ ಸ್ಟೀರಿಯೊ ಹಾಕಿಸಿದ ಕಾರುಗಳ ಬಗ್ಗೆ ಬೇರೆಯಾಗಿಯೇ ಹೇಳಬೇಕು. ಅಷ್ಟು ಸಾಮಾನ್ಯ ಈ ತೊಂದರೆ. ಸ್ಟೀರಿಯೊ ಹಿಂದೆ ಬೆಳಕಿಗಾಗಿ ಬರುವ ವೈರು ಡಿಮ್ಮರಿಗೆ ಸೇರಿದ್ದು. ಅದು ಖಾಲಿ ಕಂಡಿತು ಅಂತ ಕೆಲವರು ಲೋಹದ ಬಾಡಿಗೆ ಸೇರಿಸಿ ಕಟ್ಟಿಬಿಡುತ್ತಾರೆ. ಡಿಮ್ಮರು ಅರ್ಥ್ ಕಡೆ ಇರುವ ಕಾರಾದರೆ ಕರೆಂಟು ಡಿಮ್ಮರನ್ನು ಬಿಟ್ಟು ನೇರ ಬಾಡಿಗೆ ಹೋಗುತ್ತದೆ. ಚಕ್ರ ಹೇಗೆ ತಿರುಗಿಸಿದರೂ ಬೆಳಕು ಪೂರ್ತಿ. ಡಿಮ್ಮರು ಪ್ಲಸ್ ಕಡೆ ಇದ್ದರೆ ಅದು ನೇರ ಶಾರ್ಟು. ಫ್ಯೂಸು ಹಾರುತ್ತದೆ, ಇಲ್ಲವೇ ಫ್ಯೂಸಿಗಿಂತ ಮೊದಲೇ ಡಿಮ್ಮರಿನ ತೆಳು ತಂತಿ ಸುಡುತ್ತದೆ. ಕಾರಣ ತೆಗೆಯದೆ ಹೊಸ ಡಿಮ್ಮರ್ ಹಾಕಿದರೆ ಅದೂ ಸುಡುತ್ತದೆ. ಫ್ಯೂಸು ಪದೇಪದೇ ಹಾರುತ್ತದೆ ಅಂತ 10 ಆಂಪಿಯರ್ ಜಾಗಕ್ಕೆ 20 ಹಾಕುವುದನ್ನು ಕಂಡರೆ ನನಗೆ ನಿಜಕ್ಕೂ ಭಯವಾಗುತ್ತದೆ. ಆಗ ಸುಡುವುದು ಫ್ಯೂಸಲ್ಲ, ವೈರಿಂಗು.

ಡಿಮ್ಮರೇ ಕೆಟ್ಟಿದೆಯಾ ಅಂತ ಖಚಿತ ಮಾಡಿಕೊಳ್ಳಲು ಅದರ ಒಳಬರುವ ಮತ್ತು ಹೊರಹೋಗುವ ಪಿನ್ನುಗಳನ್ನು ಫ್ಯೂಸ್ ಇರುವ ಒಂದು ತುಂಡು ವೈರಿನಿಂದ ಜೋಡಿಸಿ ನೋಡಬಹುದು. ಬೋರ್ಡು ಪೂರ್ತಿ ಬೆಳಗಿದರೆ ಡಿಮ್ಮರೇ ತಪ್ಪಿತಸ್ಥ. ಬೆಳಗದಿದ್ದರೆ ಮುಂದೆ ಹುಡುಕಿ. ಇದು ರಿಯೋಸ್ಟಾಟ್ ಇರುವ ಹಳೆಯ ಕಾರಿಗೆ ಮಾತ್ರ.

ಬಲ್ಬು ತೆಗೆದು ಎಲ್‌ಇಡಿ ಹಾಕಿಸಿದವರು "ಡಿಮ್ಮರ್ ಕೆಲಸ ಮಾಡ್ತಿಲ್ಲ" ಅಂತ ಬರುತ್ತಾರೆ. ಅಲ್ಲಿ ಯಾವುದೂ ಕೆಟ್ಟಿರುವುದಿಲ್ಲ. ಎಂಟು ಎಲ್‌ಇಡಿ ಸೇರಿ ಎಳೆಯುವುದು ಸುಮಾರು 0.16 ಆಂಪಿಯರ್ ಇರಬಹುದು. 10 ಓಮ್ ತಡೆಯಲ್ಲಿ ಬೀಳುವುದು ಆಗ 1.6 ವೋಲ್ಟ್ ಮಾತ್ರ. ಬೆಳಕು ಇಳಿಯಬೇಕಾದಷ್ಟು ಇಳಿಯುವುದಿಲ್ಲ. ಒಂದು ಎಲ್‌ಇಡಿ ಹತ್ತದಿದ್ದರೆ ತಿರುಗಿಸಿ ಹಾಕಿ ನೋಡಿ, ಅದಕ್ಕೆ ಪ್ಲಸ್ ಮೈನಸ್ ಇದೆ.

ಹೊಸ ಕಾರುಗಳಲ್ಲಿ ರಿಯೋಸ್ಟಾಟ್ ಹೋಗಿದೆ. ಬೆಳಕನ್ನು ಸೆಕೆಂಡಿಗೆ ನೂರಕ್ಕೂ ಹೆಚ್ಚು ಸಲ ಹತ್ತಿಸಿ ಆರಿಸುತ್ತಾರೆ. ಹತ್ತಿರುವ ಹೊತ್ತು ಕಡಿಮೆ ಮಾಡಿದರೆ ಬೆಳಕು ಕಡಿಮೆ. ಕಣ್ಣಿಗೆ ಮಿಟುಕುವುದು ಗೊತ್ತಾಗುವುದಿಲ್ಲ. ಶಾಖವಾಗಿ ಪೋಲಾಗುವುದೂ ಇಲ್ಲವೆನ್ನುವಷ್ಟು ಕಡಿಮೆ. ಇಂಥ ಕಡೆ ಮಲ್ಟಿಮೀಟರ್ 6 ವೋಲ್ಟ್ ತೋರಿಸಿದರೆ ವೋಲ್ಟೇಜು ಸೋರಿದೆ ಅಂದುಕೊಳ್ಳಬೇಡಿ. ಅದು 12 ವೋಲ್ಟು ಅರ್ಧ ಹೊತ್ತು ಹತ್ತಿ ಅರ್ಧ ಹೊತ್ತು ಆರಿದ್ದರ ಸರಾಸರಿ. ಡ್ಯೂಟಿ ಸೈಕಲ್, ಅಂದರೆ ಹತ್ತಿರುವ ಹೊತ್ತಿನ ಪಾಲು, ಅಳೆಯುವ ಮಲ್ಟಿಮೀಟರ್ ಇದ್ದರೆ ಅದನ್ನೇ ನೋಡಿ. ಚಕ್ರ ತಿರುಗಿಸಿದಂತೆ ಆ ಅಂಕಿ ಸರಾಗವಾಗಿ ಬದಲಾಗಬೇಕು. ಇಂಥ ಹಲವು ಕಾರುಗಳಲ್ಲಿ ಚಕ್ರ ಬರೀ ಸೂಚನೆ ಕೊಡುತ್ತದೆ, ಕೆಲಸ ಮಾಡುವುದು ಬಾಡಿ ಕಂಟ್ರೋಲ್ ಮಾಡ್ಯೂಲ್ ಎಂಬ ಪೆಟ್ಟಿಗೆ. ಅಲ್ಲಿ ತುಂಡು ವೈರಿನ ಪರೀಕ್ಷೆ ಮಾಡಲೇಬಾರದು. ಕಾರಿನ ಕಂಪ್ಯೂಟರಿನ ಮಾಹಿತಿ ಓದುವ ಸ್ಕ್ಯಾನರ್ ಜೋಡಿಸಿ, ಚಕ್ರದ ಸೂಚನೆ ಪೆಟ್ಟಿಗೆಗೆ ತಲುಪುತ್ತಿದೆಯಾ ನೋಡಬೇಕು. ತಲುಪುತ್ತಿದ್ದೂ ಬೆಳಕು ಬರದಿದ್ದರೆ, ದುಬಾರಿ ಪೆಟ್ಟಿಗೆಯನ್ನು ದೂರುವ ಮುಂಚೆ ಅದರ ಸಪ್ಲೈ ಮತ್ತು ಅರ್ಥ್ ಎರಡನ್ನೂ ಅಳೆಯಿರಿ, ಲೈಟ್ ಹಾಕಿಕೊಂಡೇ.