ಗಾಂಜಾ ಕಾನೂನುಬದ್ಧವಾದಾಗ ಬೊಕ್ಕಸಕ್ಕೇನು, ಆರೋಗ್ಯಕ್ಕೇನು?

ಗಾಂಜಾ ಕಾನೂನುಬದ್ಧವಾದರೆ ಆಗುವ ಆರ್ಥಿಕ ಮತ್ತು ಆರೋಗ್ಯ ಪರಿಣಾಮಗಳ ಬಗ್ಗೆ ಪರೀಕ್ಷೆಯಲ್ಲಿ ಉತ್ತರ ಬರೆಯಬೇಕಿದ್ದರೆ, ಮೊದಲು ಎರಡು ಪದಗಳನ್ನು ಬೇರ್ಪಡಿಸಿಕೊಳ್ಳೋಣ. ಗಾಂಜಾ ಇಟ್ಟುಕೊಂಡವರನ್ನು ಜೈಲಿಗೆ ಕಳುಹಿಸದೆ ದಂಡ ಹಾಕಿ ಬಿಡುವುದು ಅಪರಾಧಮುಕ್ತಗೊಳಿಸುವಿಕೆ. ಬೆಳೆಯುವುದಕ್ಕೂ ಮಾರುವುದಕ್ಕೂ ಅನುಮತಿ ಕೊಡುವುದು ಕಾನೂನುಬದ್ಧಗೊಳಿಸುವಿಕೆ. ಮೊದಲನೆಯದರಲ್ಲಿ ವ್ಯಾಪಾರ ಕಾಳಸಂತೆಯಲ್ಲೇ ಉಳಿಯುವುದರಿಂದ ತೆರಿಗೆಯ ಪ್ರಶ್ನೆಯೇ ಏಳುವುದಿಲ್ಲ. ಉತ್ತರ ಬರೆಯುವಾಗ ಇವೆರಡೂ ಬೆರೆತರೆ ಇಡೀ ವಾದ ಹಳಿ ತಪ್ಪುತ್ತದೆ.

ಎರಡನೆಯದರಲ್ಲೂ ಹಲವು ಬಗೆಗಳಿವೆ. ಉರುಗ್ವೆ 2013ರಲ್ಲಿ ಕಾನೂನು ಮಾಡಿ, 2017ರಿಂದ ಔಷಧ ಅಂಗಡಿಗಳ ಮೂಲಕ ಮಾರುತ್ತಿದೆ. ಒಬ್ಬರಿಗೆ ತಿಂಗಳಿಗೆ 40 ಗ್ರಾಂ ಮಿತಿ. ಜರ್ಮನಿ 2024ರಲ್ಲಿ ವಯಸ್ಕರಿಗೆ ಮನೆಯಲ್ಲಿ ಮೂರು ಗಿಡ ಬೆಳೆಸಲು ಬಿಟ್ಟಿತು, ಬೆಳೆಗಾರರ ಸಂಘಗಳಿಗೂ ಅವಕಾಶ ಕೊಟ್ಟಿತು, ಆದರೆ ಅಂಗಡಿ ತೆರೆಯಲು ಬಿಡಲಿಲ್ಲ. ಅಮೆರಿಕದ ಕೊಲೊರಾಡೊದಲ್ಲಿ 2014ರ ಜನವರಿ 1ರಿಂದ ಖಾಸಗಿ ಅಂಗಡಿಗಳೇ ಮಾರುತ್ತಿವೆ.

ಹಣದ ಲೆಕ್ಕಕ್ಕೆ ಕೊಲೊರಾಡೊ ಒಳ್ಳೆಯ ಪಾಠ. ಅಲ್ಲಿ ಸಗಟು ಹಂತದಲ್ಲಿ ಶೇ 15 ಅಬಕಾರಿ ತೆರಿಗೆ, ಚಿಲ್ಲರೆ ಹಂತದಲ್ಲಿ ಮತ್ತೆ ಶೇ 15 ವಿಶೇಷ ತೆರಿಗೆ ಇದೆ. ಅಬಕಾರಿ ಹಣದ ಒಂದು ಭಾಗ ಶಾಲಾ ಕಟ್ಟಡಗಳಿಗೆ ಹೋಗುತ್ತದೆ. 2021ರಲ್ಲಿ ಮಾರಾಟ ಸುಮಾರು 220 ಕೋಟಿ ಡಾಲರ್ ಮುಟ್ಟಿತು, ಆಮೇಲೆ ಇಳಿಯತೊಡಗಿತು. ಪಕ್ಕದ ನ್ಯೂ ಮೆಕ್ಸಿಕೊದಲ್ಲೂ 2022ರಲ್ಲಿ ಅಂಗಡಿಗಳು ತೆರೆದದ್ದು ಒಂದು ಕಾರಣ. ಅದಕ್ಕಿಂತ ಆಳದ ಕಾರಣ ಬೆಲೆ. ಕಾಳಸಂತೆಯ ಬೆಲೆಯಲ್ಲಿ ಸಿಕ್ಕಿಬೀಳುವ ಭಯದ ಖರ್ಚೂ ಸೇರಿರುತ್ತದೆ. ಭಯ ಹೋಗಿ ಬೆಳೆ ಹೆಚ್ಚಿದರೆ ಬೆಲೆ ಕುಸಿಯುತ್ತದೆ. ಬೆಲೆಯ ಮೇಲೆ ಶೇಕಡಾವಾರು ಹಾಕಿದ ತೆರಿಗೆಯೂ ಜೊತೆಗೇ ಕುಸಿಯುತ್ತದೆ.

ಕೆನಡಾದಲ್ಲಿ ಇದೇ ಕುಸಿತ ಬೇರೆಯವರಿಗೆ ಹೊಡೆತ ಕೊಟ್ಟಿತು. ಅಲ್ಲಿ ಒಣ ಹೂವಿಗೆ ಗ್ರಾಂಗೆ ಒಂದು ಡಾಲರ್ ಅಥವಾ ಬೆಲೆಯ ಶೇ 10, ಯಾವುದು ಹೆಚ್ಚೋ ಅದು ತೆರಿಗೆ. ಬೆಲೆ ಇಳಿದರೂ ಆ ಒಂದು ಡಾಲರ್ ಇಳಿಯುವುದಿಲ್ಲವಾದ್ದರಿಂದ ಭಾರ ಬೆಳೆಗಾರರ ಮೇಲೆ ಬಿತ್ತು. ಮೂರನೆಯ ದಾರಿ, ಮತ್ತೇರಿಸುವ ಅಂಶವಾದ ಟಿಎಚ್‌ಸಿಯನ್ನು ನೋಡಿ ತೆರಿಗೆ ಹಾಕುವುದು. ಅಮೆರಿಕದ ಇಲಿನಾಯ್‌ನಲ್ಲಿ ಟಿಎಚ್‌ಸಿ ಶೇ 35ರ ಒಳಗಿದ್ದರೆ ತೆರಿಗೆ ಶೇ 10, ಮೀರಿದರೆ ಶೇ 25. ನನಗೆ ಹೆಚ್ಚು ಸರಿಯೆನಿಸುವುದು ಇದೇ, ಏಕೆಂದರೆ ಹಾನಿ ಎಲ್ಲಿದೆಯೋ ತೆರಿಗೆ ಅಲ್ಲೇ ಬೀಳುತ್ತದೆ.

ಇನ್ನು ಆರೋಗ್ಯ. 2022ರ ಸಮೀಕ್ಷೆಯ ಪ್ರಕಾರ ಅಮೆರಿಕದಲ್ಲಿ ದಿನವೂ ಅಥವಾ ಹೆಚ್ಚುಕಡಿಮೆ ದಿನವೂ ಗಾಂಜಾ ಸೇವಿಸುವವರು 1 ಕೋಟಿ 77 ಲಕ್ಷ. ಹಾಗೆಯೇ ಹೆಚ್ಚುಕಡಿಮೆ ದಿನವೂ ಮದ್ಯ ಕುಡಿಯುವವರು 1 ಕೋಟಿ 47 ಲಕ್ಷ. ನಿತ್ಯ ಗಾಂಜಾ ಸೇವಿಸುವವರ ಸಂಖ್ಯೆಯ ಏರಿಕೆ ಕಾನೂನು ಬದಲಾಗುವ ಮೊದಲೇ, 1990ರ ದಶಕದಲ್ಲೇ ಶುರುವಾಗಿತ್ತು. ಎಲ್ಲವನ್ನೂ ಕಾನೂನಿನ ತಲೆಗೆ ಕಟ್ಟಬೇಡಿ. ಆದರೆ ಇಲ್ಲಿ ಒಂದು ಕಹಿ ಸತ್ಯವಿದೆ: ಮಾರಾಟದ ಬಹುಪಾಲು ನಿತ್ಯ ಸೇವಿಸುವವರಿಂದಲೇ ಬರುತ್ತದೆ. ಅಂದರೆ ಸರ್ಕಾರದ ಆದಾಯವೂ ವ್ಯಸನದ ಅಪಾಯ ಹೆಚ್ಚಿರುವ ಅವರ ಕಿಸೆಯಿಂದಲೇ ಬರುತ್ತದೆ. ಆರ್ಥಿಕ ಪರಿಣಾಮ, ಆರೋಗ್ಯ ಪರಿಣಾಮ ಎಂದು ಎರಡು ಪ್ರತ್ಯೇಕ ಶೀರ್ಷಿಕೆಗಳಲ್ಲಿ ಬರೆದರೆ ಈ ಕೊಂಡಿ ಕಾಣುವುದೇ ಇಲ್ಲ.

ಹದಿಹರೆಯದವರಲ್ಲಿ ಬಳಕೆ ಏರಬಹುದೆಂಬ ಭಯವಿತ್ತು; ಅಮೆರಿಕದ ರಾಷ್ಟ್ರೀಯ ಸಮೀಕ್ಷೆಗಳಲ್ಲಿ ದೊಡ್ಡ ಏರಿಕೆ ಕಂಡಿಲ್ಲ. ಪೆಟ್ಟು ಬಿದ್ದದ್ದು ಅವರಿಗಿಂತ ಚಿಕ್ಕ ಮಕ್ಕಳಿಗೆ. ಗಾಂಜಾ ಬೆರೆಸಿದ ಮಿಠಾಯಿ, ಚಾಕೊಲೇಟ್‌ಗಳನ್ನು ಆರು ವರ್ಷದೊಳಗಿನ ಮಕ್ಕಳು ತಿಂದ ಪ್ರಕರಣಗಳು ಅಮೆರಿಕದ ವಿಷ ಮಾಹಿತಿ ಕೇಂದ್ರಗಳಲ್ಲಿ 2017ರಲ್ಲಿ 207 ದಾಖಲಾಗಿದ್ದವು, 2021ರಲ್ಲಿ 3,054. ಬಹುತೇಕ ಎಲ್ಲವೂ ಮನೆಯೊಳಗೇ ಆದವು. ಓದುವಾಗ ನನ್ನನ್ನು ಅತಿಯಾಗಿ ಕಲಕಿದ ಅಂಕಿ ಇದು. ತಿಂದ ಗಾಂಜಾ ತಲೆಗೇರಲು ಅರ್ಧ ಗಂಟೆಯಿಂದ ಎರಡು ಗಂಟೆ ಬೇಕಾಗುತ್ತದೆ. ಅಷ್ಟರಲ್ಲಿ ಮಗು ಇನ್ನೂ ನಾಲ್ಕು ತುಂಡು ತಿಂದಿರುತ್ತದೆ.

ಮನೋರೋಗದ ವಿಷಯದಲ್ಲಿ, ದಿನವೂ ಹೆಚ್ಚು ಟಿಎಚ್‌ಸಿ ಇರುವ ಗಾಂಜಾ ಸೇವಿಸುವವರಿಗೂ, ವಾಸ್ತವದ ಅರಿವು ತಪ್ಪುವ ಸ್ಥಿತಿಯಾದ ಸೈಕೋಸಿಸ್‌ಗೂ ಗಟ್ಟಿ ನಂಟಿದೆ ಎಂದು ಯುರೋಪಿನ ಅಧ್ಯಯನಗಳು ತೋರಿಸಿವೆ. ಹಾಗೆಂದು ನಿಷೇಧವೇ ಸುರಕ್ಷಿತ ಎನ್ನುವಂತಿಲ್ಲ. 2019ರಲ್ಲಿ ಅಮೆರಿಕದಲ್ಲಿ ಹಲವರ ಪ್ರಾಣ ತೆಗೆದ ಶ್ವಾಸಕೋಶದ ಕಾಯಿಲೆಗೆ ಮುಖ್ಯ ಕಾರಣ ವಿಟಮಿನ್ ಇ ಅಸಿಟೇಟ್ ಬೆರೆಸಿದ, ಗಾಂಜಾ ದ್ರವವನ್ನು ಆವಿಯಾಗಿಸಿ ಸೇದುವ ವೇಪ್‌ಗಳು. ಅವುಗಳಲ್ಲಿ ಹೆಚ್ಚಿನವು ಯಾರೂ ಪರೀಕ್ಷಿಸದ, ಕಾಳಸಂತೆಯ ಸರಕು.

ಕೊಲೊರಾಡೊದಂಥ ಖಾಸಗಿ ಮಾರಾಟದ ಜೊತೆ ಹೋಲಿಕೆಗೆ ಕೆನಡಾದ ಕ್ವಿಬೆಕ್ ಪ್ರಾಂತ್ಯವನ್ನು ಬಳಸಿಕೊಳ್ಳಿ. ಅಲ್ಲಿ ಮಾರುವುದು ಸರ್ಕಾರಿ ಅಂಗಡಿ, ಕನಿಷ್ಠ ವಯಸ್ಸು 21, ಟಿಎಚ್‌ಸಿಗೆ ಶೇ 30ರ ಮಿತಿ, ಮಕ್ಕಳನ್ನು ಸೆಳೆಯುವಂಥ ಮಿಠಾಯಿ ಮಾರುವಂತಿಲ್ಲ.