ಸೌಂಡ್ ಎಂಬ ನಾಲ್ಕು ಪದಗಳು

ಶಿವಮೊಗ್ಗದಲ್ಲಿ ರೂಮು ಮಾಡಿಕೊಂಡು ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವ ನನ್ನಂಥವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಕಳೆದ ವಾರದ ಮಾದರಿ ಪರೀಕ್ಷೆಯಲ್ಲಿ ‘ಸೌಂಡಿಂಗ್ ರಾಕೆಟ್’ಗೆ ಆ ಹೆಸರು ಏಕೆ ಬಂತು ಎಂಬ ಪ್ರಶ್ನೆ ಇತ್ತು. ‘ಹಾರುವಾಗ ಭಾರಿ ಸದ್ದು ಮಾಡುವುದರಿಂದ’ ಎಂಬ ಆಯ್ಕೆಗೆ ಗುರುತು ಹಾಕಿದೆ. ತಪ್ಪಾಯಿತು. ಏಕೆ ತಪ್ಪು ಎಂದು ಹುಡುಕುತ್ತ ನಾಲ್ಕು ದಿನ ಈ ಒಂದೇ ಪದದ ಬೆನ್ನು ಹತ್ತಿದೆ.

ದೊಡ್ಡ ಇಂಗ್ಲಿಷ್ ನಿಘಂಟಿನಲ್ಲಿ ಸೌಂಡ್ ನಾಲ್ಕು ಸಲ ಬರುತ್ತದೆ, ಪಕ್ಕದಲ್ಲಿ 1, 2, 3, 4 ಎಂಬ ಪುಟ್ಟ ಅಂಕಿ. ಅವು ಅರ್ಥಗಳ ಸಂಖ್ಯೆ ಎಂದುಕೊಂಡಿದ್ದೆ. ಅಲ್ಲ, ಅವು ಬೇರೆ ಬೇರೆ ಪದಗಳು. ‘ಹೆಡ್’ಗೆ ತಲೆ, ಮುಖ್ಯಸ್ಥ, ಮೊಳೆಯ ಮಂಡೆ ಎಂದು ಎಷ್ಟು ಅರ್ಥವಿದ್ದರೂ ಬೇರು ಒಂದೇ. ಸೌಂಡ್ ಹಾಗಿಲ್ಲ.

ನನಗೆ ಇದು ತಲೆಗೆ ಹತ್ತಿದ್ದು ನಮ್ಮ ‘ಕರೆ’ಯಿಂದ. ಅಪ್ಪನನ್ನು ಊಟಕ್ಕೆ ಕರೆಯುತ್ತೇವೆ, ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತೇವೆ, ಅಡಿಕೆ ಸುಲಿದವರ ಅಂಗಿಗೆ ಕರೆ ಹತ್ತುತ್ತದೆ. ಹಳಗನ್ನಡದಲ್ಲಿ ಕೂಗಿ ಕರೆಯುವುದಕ್ಕೆ ರ. ಹಾಲು ಕರೆಯುವುದಕ್ಕೂ ಕಲೆಯ ಕರೆಗೂ ಱ, ಅಂದರೆ ಶಕಟರೇಫ. ಆ ಅಕ್ಷರ ಬಳಕೆಯಿಂದ ಬಿದ್ದುಹೋದ ಮೇಲೆ ಮೂರೂ ಒಂದೇ ರೂಪಕ್ಕೆ ಬಂದು ನಿಂತವು. ನಮ್ಮಲ್ಲಿ ಅಕ್ಷರ ಕಳೆದು ಪದಗಳು ಬೆರೆತವು. ಇಂಗ್ಲಿಷಿನಲ್ಲಿ ಅಕ್ಷರ ಸೇರಿ ಬೆರೆತವು.

ಸದ್ದು ಎಂಬ ಅರ್ಥದ ಸೌಂಡ್ ಲ್ಯಾಟಿನ್‌ನ ‘ಸೋನುಸ್’ನಿಂದ ಫ್ರೆಂಚ್ ಮೂಲಕ ಬಂದದ್ದು. ಅದರಲ್ಲಿ ಡಿ ಇಲ್ಲವೇ ಇಲ್ಲ. 1400ರಲ್ಲಿ ತೀರಿಕೊಂಡ ಕವಿ ಚಾಸರ್ ಕೂಡ ಡಿ ಇಲ್ಲದೆಯೇ ಬರೆದ. ಎನ್ ಹೇಳುವಾಗ ನಾಲಿಗೆ ಹಲ್ಲಿನ ಹಿಂದೆ ತಾಗಿರುತ್ತದೆ; ಬಿಡುವಾಗ ಸ್ವಲ್ಪ ಒತ್ತಿದರೆ ಡಿ ತಾನಾಗಿ ಹುಟ್ಟುತ್ತದೆ. ಈಗಲೇ ಬಾಯಲ್ಲಿ ಹೇಳಿ ನೋಡಿ. ಗುಡುಗಿಗೆ ಹಳೆ ಇಂಗ್ಲಿಷಿನಲ್ಲಿ ‘ಥುನೊರ್’ ಎನ್ನುತ್ತಿದ್ದರು. ಅದು ‘ಥಂಡರ್’ ಆಗಿದ್ದೂ ಹೀಗೆಯೇ. ಉಳಿದ ಮೂರು ಸೌಂಡ್‌ಗಳ ಡಿ ಮಾತ್ರ ಹುಟ್ಟಿನಿಂದಲೇ ಬಂದದ್ದು ಅಥವಾ ಫ್ರೆಂಚಿನಿಂದ ಜೊತೆಗೇ ಬಂದದ್ದು.

ಎರಡನೆಯದು ಗಟ್ಟಿ, ಆರೋಗ್ಯ, ಊನವಿಲ್ಲದ್ದು. ಹಳೆ ಇಂಗ್ಲಿಷಿನ ‘ಗೆಸುಂಡ್’; ಜರ್ಮನ್ನರು ಇಂದಿಗೂ ಆರೋಗ್ಯವಂತನಿಗೆ ಗೆಸುಂಡ್ ಎನ್ನುತ್ತಾರೆ, ಸೀನಿದವರಿಗೆ ‘ಗೆಸುಂಡ್‌ಹೈಟ್’ ಎಂದು ಹಾರೈಸುತ್ತಾರೆ. ಸೌಂಡ್ ಸ್ಲೀಪ್, ಸೌಂಡ್ ಮೈಂಡ್, ಸೇಫ್ ಆಂಡ್ ಸೌಂಡ್ ಎಲ್ಲ ಈ ಮನೆಯವು. ಹೆಣ್ಣು ನೋಡಲು ಹೋಗಿ ಬಂದವರು ‘ಸೌಂಡ್ ಪಾರ್ಟಿ’ ಅಂತಾರಲ್ಲ, ಅದೂ ಇದೇ. ಕನ್ನಡದಲ್ಲಿ ಗಟ್ಟಿ ಕುಳ.

ನಾನು ಹೆಚ್ಚು ಹೊತ್ತು ಸಿಕ್ಕಿಬಿದ್ದದ್ದು ಇಲ್ಲೇ. ಸಂತೆಯಲ್ಲಿ ಮಣ್ಣಿನ ಗಡಿಗೆ ಕೊಳ್ಳುವಾಗ ಅಜ್ಜಿ ಅದನ್ನು ಎಡಗೈ ಮೇಲೆ ಕೂರಿಸಿ ಬೆರಳ ಗೆಣ್ಣಿನಿಂದ ಬಡಿಯುತ್ತಿದ್ದಳು. ಟಣ್ ಎಂದರೆ ಗಟ್ಟಿ, ಬೊದ್ ಎಂದರೆ ಎಲ್ಲೋ ಬಿರುಕು. ಹಾಗಾಗಿ ಸದ್ದು ಚೆನ್ನಾಗಿದ್ದದ್ದೇ ‘ಸೌಂಡ್’ ಎಂದು ಮನಸ್ಸು ಒಪ್ಪಿಬಿಟ್ಟಿತ್ತು. ಅದರ ಮೇಲೆ ಕನ್ನಡದ ‘ಗಟ್ಟಿ’ ಬೇರೆ: ಗಟ್ಟಿ ಮರ ಅಂತೀವಿ, ಗಟ್ಟಿಯಾಗಿ ಓದು ಅಂತಲೂ ಅಂತೀವಿ. ನಮ್ಮಲ್ಲಿ ಒಂದೇ ಪದ ಎರಡೂ ಕೆಲಸ ಮಾಡುತ್ತದೆ. ಇಂಗ್ಲಿಷಿನಲ್ಲಿ ಅವು ಸಂಬಂಧವಿಲ್ಲದ ಎರಡು ಪದ, ಒಂದು ಲ್ಯಾಟಿನ್ ಕಡೆಯದು, ಇನ್ನೊಂದು ಜರ್ಮನ್ ಬಳಗದ್ದು. ಇದನ್ನು ಎರಡು ಸಲ ಓದಿಕೊಳ್ಳಿ.

ಮೂರನೆಯದು ಜಲಸಂಧಿ. ಮೂಲ ‘ಸುಂಡ್’, ಈಜು ಎಂಬ ಅರ್ಥವೂ ಅದಕ್ಕಿತ್ತು, ‘ಸ್ವಿಮ್’ನ ನೆಂಟ. ಡೆನ್ಮಾರ್ಕ್–ಸ್ವೀಡನ್ ನಡುವಿನ ಓರೆಸುಂಡ್ ನೆನಪಿಟ್ಟರೆ ಸಾಕು.

ನಾಲ್ಕನೆಯದು ಆಳ ನೋಡುವುದು, ಫ್ರೆಂಚಿನ ‘ಸೋಂದೆ’. ಮಳೆಗಾಲದಲ್ಲಿ ಸಂಕ ಕೊಚ್ಚಿಹೋದರೆ ದೊಡ್ಡಪ್ಪ ಬಿದಿರ ಗಳ ಹಿಡಿದು ಹಳ್ಳಕ್ಕೆ ಇಳಿಯುತ್ತಿದ್ದರು. ಗಳ ಊರಿ, ಮೇಲೆತ್ತಿ, ಒದ್ದೆಯಾದಷ್ಟನ್ನು ಮೈಗೆ ಹಿಡಿದು ನೋಡುವರು. ಸೊಂಟದೊಳಗಿದ್ದರೆ ನಮ್ಮನ್ನು ದಾಟಿಸುವರು. ಎದೆಗೆ ಬಂದರೆ ವಾಪಸ್ ಮನೆಗೆ. ಹಡಗಿನವರು ಹಗ್ಗಕ್ಕೆ ಸೀಸದ ಗುಂಡು ಕಟ್ಟಿ ಇದನ್ನೇ ಮಾಡುತ್ತಿದ್ದರು. ಮಿಸಿಸಿಪ್ಪಿ ನದಿಯಲ್ಲಿ ಹಾಗೆ ಅಳೆಯುವವರು ಎರಡು ಫ್ಯಾದಮ್, ಅಂದರೆ 12 ಅಡಿ ನೀರು ಸಿಕ್ಕಾಗ ಕೂಗುತ್ತಿದ್ದ ಮಾತು ‘ಮಾರ್ಕ್ ಟ್ವೇನ್’. ಸ್ಯಾಮ್ಯುಯೆಲ್ ಕ್ಲೆಮೆನ್ಸ್ ಎಂಬ ಲೇಖಕ ಅದನ್ನೇ ಕಾವ್ಯನಾಮ ಮಾಡಿಕೊಂಡ. ‘ಅವನ ಆಳ ನೋಡಿಕೊಂಡು ಬಾ’ ಎಂದು ನಾವು ಮನುಷ್ಯನ ಬಗ್ಗೆ ಹೇಳುವುದನ್ನು ಇಂಗ್ಲಿಷಿನವರು ‘ಸೌಂಡ್ ಔಟ್’ ಎನ್ನುವುದೂ ಇದರಿಂದಲೇ.

ಈಗ ರಾಕೆಟ್. 1963ರ ನವೆಂಬರ್ 21ರಂದು ಕೇರಳದ ತುಂಬಾದಿಂದ ಮೇಲೇರಿದ ನೈಕಿ-ಅಪಾಚೆ ಒಂದು ಸೌಂಡಿಂಗ್ ರಾಕೆಟ್. ಅದು ಕಕ್ಷೆ ಸೇರುವುದಿಲ್ಲ. ವಾತಾವರಣದೊಳಕ್ಕೆ ಏರಿ, ಅಳತೆ ಮಾಡಿ, ಬಿದ್ದುಬಿಡುತ್ತದೆ. ಅಂದು ಸೋಡಿಯಂ ಆವಿಯನ್ನು ಮೇಲೆ ಬಿಟ್ಟು ಅಲ್ಲಿನ ಗಾಳಿಯ ಚಲನೆ ನೋಡಿದರು. ದೊಡ್ಡಪ್ಪನ ಗಳವನ್ನೇ ಆಕಾಶಕ್ಕೆ ಊರಿದ ಹಾಗೆ.

ಅಭ್ಯಾಸಕ್ಕೆ ನಾನು ವಾಕ್ಯದಲ್ಲಿ ಸೌಂಡ್ ಕಂಡಲ್ಲೆಲ್ಲ ಸದ್ದು, ಗಟ್ಟಿ, ಜಲಸಂಧಿ, ಆಳ ನೋಡು ಎಂದು ಒಂದೊಂದೇ ಇಟ್ಟು ನೋಡುತ್ತೇನೆ. ಯಾವುದು ಕೂರುತ್ತದೋ ಅದು. ಒಂದು ಕಡೆ ಮಾತ್ರ ಎರಡು ಕೂರುತ್ತವೆ: ಎಕೋ ಸೌಂಡರ್. ಅದು ನೀರಿಗೆ ಸದ್ದು ಕಳಿಸಿ, ತಳಕ್ಕೆ ಬಡಿದು ವಾಪಸ್ ಬರುವ ಹೊತ್ತು ಅಳೆದು ಆಳ ಹೇಳುತ್ತದೆ. ಕೆಲಸ ಒಂದನೆಯ ಪದದ್ದು, ಹೆಸರು ನಾಲ್ಕನೆಯ ಪದದ್ದು.